ನೂಲಿನಂತೆ ಸೀರೆಯೇ? ಆನುವಂಶಿಕತೆ, ವ್ಯಸನ ಮತ್ತು ಮನಸ್ಸಿನ ಆರೋಗ್ಯ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಕನ್ನಡ ನಾಡಿನ ಎಲ್ಲೆಡೆಯೂ ಕೇಳಿಬರುತ್ತದೆ. ಮಗ್ಗದ ಸಪ್ಪಳದೊಡನೆ ಬೆಳಗು ಕಾಣುವ ಇಳಕಲ್ಲ, ಗುಳೇದಗುಡ್ಡಗಳಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ನೂಲು ಕಳಪೆಯಾದರೆ ಸೀರೆ ಬಾಳಿಕೆ ಬರದು ಎಂಬುದನ್ನು ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ನೂಲು ಇದ್ದ ಮಾತ್ರಕ್ಕೆ ಸೀರೆ ತಾನಾಗಿ ಸಿದ್ಧವಾಗುವುದಿಲ್ಲ ಎಂಬುದೂ ಅವರಿಗೆ ಅಷ್ಟೇ ಚೆನ್ನಾಗಿ ಗೊತ್ತು. ಬಣ್ಣ ಕಟ್ಟಬೇಕು, ಹಾಸು ಹೂಡಬೇಕು, ಗಂಜಿ ಕೊಡಬೇಕು, ಮೈಯ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು, ದಿನಗಟ್ಟಲೆ ಕುಳಿತು ನೇಯಬೇಕು. ಗಾದೆಯ ಅರ್ಧವನ್ನಷ್ಟೇ ಹಿಡಿದುಕೊಂಡು ಮನುಷ್ಯರ ಬಾಳಿಗೆ ತೀರ್ಪು ಬರೆಯುವ ರೂಢಿ ನಮ್ಮ ಸಮಾಜದಲ್ಲಿ ಬೇರೂರಿದೆ.

‘ಆ ಮನೆತನದ ರಕ್ತವೇ ಹಾಗೆ’, ‘ಅಪ್ಪ ಕುಡುಕ, ಮಗ ಇನ್ನೇನಾದಾನು?’, ‘ಅವರ ಮನೆಯಲ್ಲಿ ತಲೆ ಕೆಟ್ಟವರಿದ್ದಾರೆ, ಹೆಣ್ಣು ತರಬೇಡಿ’ ಎಂಬ ಮಾತುಗಳು ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ಕಟ್ಟೆಗಳಲ್ಲಿ ಹೊಸವಲ್ಲ. ಈ ಮಾತುಗಳಿಗೆ ಹೆದರಿ ಕುಟುಂಬಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಮುಚ್ಚಿಟ್ಟ ಕಾಯಿಲೆ ಚಿಕಿತ್ಸೆಯಿಲ್ಲದೆ ಬಲಿಯುತ್ತದೆ. ಇನ್ನೊಂದೆಡೆ, ನಿಜವಾಗಿಯೂ ವಂಶದಲ್ಲಿ ಹರಿದುಬರುವ ದೋಷಗಳನ್ನು ‘ಹಣೆಬರಹ’ ಎಂದು ಕೈಬಿಟ್ಟು, ತಡೆಯಬಹುದಾದುದನ್ನೂ ತಡೆಯದೆ ಉಳಿಯುತ್ತೇವೆ. ಆನುವಂಶಿಕತೆಯ ವಿಷಯದಲ್ಲಿ ವಿಜ್ಞಾನವು ಈವರೆಗೆ ಕಂಡುಕೊಂಡಿರುವುದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಬಹುಪಾಲು ಸಂದರ್ಭಗಳಲ್ಲಿ ಹುಟ್ಟು ನಮಗೆ ಕೊಡುವುದು ಒಂದು ಒಲವನ್ನು, ತೀರ್ಪನ್ನಲ್ಲ. ಈ ಮಾತು ಸಮಾಧಾನಕ್ಕಾಗಿ ಹೇಳುವುದಲ್ಲ, ಅದಕ್ಕೆ ಆಧಾರಗಳಿವೆ. ಅವುಗಳನ್ನು ಸದ್ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ವಂಶವಾಹಿಗಳು ಮಾಡುವ ಕೆಲಸ

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದ ಒಳಗೂ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದದ್ದು. ಈ ವರ್ಣತಂತುಗಳಲ್ಲಿ ಸುಮಾರು 20,000 ವಂಶವಾಹಿಗಳು ಅಡಕವಾಗಿವೆ. ಇವನ್ನೇ ಜೀನ್‌ಗಳು ಎನ್ನುತ್ತೇವೆ. ಒಂದೊಂದು ವಂಶವಾಹಿಯೂ ದೇಹಕ್ಕೆ ಬೇಕಾದ ಪ್ರೋಟೀನನ್ನು ಕಟ್ಟಲು ಬೇಕಾದ ಸೂಚನೆಯನ್ನು ಹೊತ್ತಿರುತ್ತದೆ. ಕಣ್ಣಿನ ಬಣ್ಣ, ರಕ್ತದ ಗುಂಪು, ಎಲುಬಿನ ಬೆಳವಣಿಗೆ, ಮಿದುಳಿನ ನರತಂತುಗಳ ಜೋಡಣೆ ಇವೆಲ್ಲದರ ಹಿಂದೆ ಈ ಸೂಚನೆಗಳಿವೆ. ತಂದೆತಾಯಿಗಳ ವಂಶವಾಹಿಗಳು ಪ್ರತಿ ಮಗುವಿನಲ್ಲಿಯೂ ಹೊಸದಾಗಿ ಕಲೆಸಿ ಬರುತ್ತವೆ. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಸಮಾನವಾಗಿರುವುದು ಇದರಿಂದಲೇ. ಒಂದೇ ತೊಟ್ಟಿಲಲ್ಲಿ ಬೆಳೆದ ಅಣ್ಣ ಮೌನಿಯಾಗಿಯೂ ತಮ್ಮ ಮಾತುಗಾರನಾಗಿಯೂ ಇರುವುದರಲ್ಲಿ ಆಶ್ಚರ್ಯವೇನಿಲ್ಲ.

ಆನುವಂಶಿಕ ಕಾಯಿಲೆಗಳಲ್ಲಿ ಎರಡು ಬಗೆಗಳನ್ನು ಮೊದಲು ಬೇರ್ಪಡಿಸಿ ನೋಡಬೇಕು. ಮೊದಲನೆಯ ಬಗೆಯಲ್ಲಿ ಒಂದೇ ಒಂದು ವಂಶವಾಹಿಯ ದೋಷ ಕಾಯಿಲೆಯನ್ನು ತರಬಲ್ಲದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಗುರುತಿಸಲ್ಪಡುವ ಹಂದಿಗೋಡು ಕಾಯಿಲೆ ನಮ್ಮ ನಾಡಿನ ಉದಾಹರಣೆ. 1970ರ ದಶಕದ ಮಧ್ಯಭಾಗದಲ್ಲಿ ಅದು ವೈದ್ಯರ ಗಮನಕ್ಕೆ ಬಂದಾಗ ಆಹಾರದಲ್ಲಿ ವಿಷವಿರಬಹುದೆಂಬ ಸಂಶಯವಿತ್ತು. ಕುಟುಂಬಗಳನ್ನು ತಲೆಮಾರುಗಳ ಉದ್ದಕ್ಕೂ ಪರಿಶೀಲಿಸಿದ ಬಳಿಕ, ಸೊಂಟ ಮತ್ತು ಕೀಲುಗಳನ್ನು ಸವೆಸುವ ಈ ನೋವು ವಂಶದಲ್ಲಿ ಹರಿಯುತ್ತಿದೆ ಎಂಬ ನಿರ್ಣಯಕ್ಕೆ ಸಂಶೋಧಕರು ಬಂದರು.

ಎರಡನೆಯ ಬಗೆಯಲ್ಲಿ ನೂರಾರು, ಸಾವಿರಾರು ವಂಶವಾಹಿಗಳು ಸೇರಿ, ಒಂದೊಂದೂ ಎಳ್ಳಿನಷ್ಟು ಪ್ರಭಾವ ಬೀರುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆ, ಸ್ಕಿಜೋಫ್ರೇನಿಯಾ, ಮದ್ಯವ್ಯಸನ ಇವೆಲ್ಲ ಈ ಗುಂಪಿಗೆ ಸೇರಿದವು. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಂತರರಾಷ್ಟ್ರೀಯ ಅಧ್ಯಯನವು ಸ್ಕಿಜೋಫ್ರೇನಿಯಾಕ್ಕೆ ಸಂಬಂಧಿಸಿದ 287 ಸ್ಥಾನಗಳನ್ನು ವರ್ಣತಂತುಗಳಲ್ಲಿ ಗುರುತಿಸಿತು. ಇಂತಹ ಕಡೆ ‘ಕುಡಿತದ ಜೀನ್’, ‘ಹುಚ್ಚಿನ ಜೀನ್’ ಎಂಬ ಒಂದೇ ಅಪರಾಧಿಯನ್ನು ಹುಡುಕುವುದು ವ್ಯರ್ಥ. ಆ ಎಳೆಗಳಲ್ಲಿ ಕೆಲವು ನಮ್ಮೆಲ್ಲರಲ್ಲಿಯೂ ಇವೆ.

ವಂಶದಿಂದ ಬಂದದ್ದೂ ಬದಲಾಗಬಲ್ಲದು

ವಂಶದಿಂದ ಬಂದದ್ದಕ್ಕೆ ಮದ್ದಿಲ್ಲ ಎಂಬ ನಂಬಿಕೆಯನ್ನು ಅಲ್ಲಗಳೆಯಲು ಒಂದು ಕಾಯಿಲೆಯ ಕಥೆ ಸಾಕು. ಅದರ ಹೆಸರು ಫಿನೈಲ್‌ಕೀಟೋನ್ಯೂರಿಯಾ. ತಂದೆ ತಾಯಿ ಇಬ್ಬರಿಂದಲೂ ಒಂದೇ ವಂಶವಾಹಿಯ ದೋಷಯುಕ್ತ ಪ್ರತಿ ಬಂದ ಮಗುವಿನಲ್ಲಿ, ಹಾಲು, ಬೇಳೆ ಮುಂತಾದ ಆಹಾರದ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್ ಎಂಬ ಅಂಶ ಕರಗದೆ ರಕ್ತದಲ್ಲಿ ಸಂಗ್ರಹವಾಗಿ ಮಿದುಳನ್ನು ಹಾಳುಗೆಡವುತ್ತದೆ. 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಇದನ್ನು ಗುರುತಿಸಿದರು. 1950ರ ದಶಕದಲ್ಲಿ ಆ ಅಂಶವನ್ನು ಕಡಿಮೆ ಮಾಡಿದ ಪಥ್ಯ ಬಳಕೆಗೆ ಬಂತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಅವರು ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಿಂದಲೇ ಕಾಯಿಲೆಯನ್ನು ಪತ್ತೆಹಚ್ಚುವ ಸುಲಭ ಪರೀಕ್ಷೆಯನ್ನು ರೂಪಿಸಿದರು. ಹುಟ್ಟಿದ ಕೆಲವೇ ವಾರಗಳಲ್ಲಿ ಪಥ್ಯ ಆರಂಭಿಸಿದ ಮಗು ಇತರ ಮಕ್ಕಳಂತೆ ಬೆಳೆದು ಓದಿ ಬಾಳುತ್ತದೆ. ಪಥ್ಯ ತಪ್ಪಿದ ಮಗು ಬುದ್ಧಿಮಾಂದ್ಯಕ್ಕೆ ಗುರಿಯಾಗುತ್ತದೆ. ಎರಡೂ ಮಕ್ಕಳಲ್ಲಿ ವಂಶವಾಹಿಯ ದೋಷ ಒಂದೇ ಬಗೆಯದು. ಬದಲಾದದ್ದು ಸಕಾಲದ ಅರಿವು ಮತ್ತು ಊಟದ ತಟ್ಟೆ ಮಾತ್ರ.

ನಮ್ಮ ರಾಜ್ಯವೂ ಈ ದಾರಿಯಲ್ಲಿ ಮೊದಲೇ ಹೆಜ್ಜೆಯಿಟ್ಟಿತ್ತು. 1980ರ ದಶಕದಲ್ಲಿ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತವನ್ನು ಇಂತಹ ದೋಷಗಳಿಗಾಗಿ ಪರೀಕ್ಷಿಸಿದರು. ಆ ಕಾಲದಲ್ಲೇ ಬೆಂಗಳೂರು, ಮೈಸೂರುಗಳಲ್ಲಿ ತಂದೆತಾಯಿಗಳ ಸಂಬಂಧವನ್ನು ಕೇಳಿ ದಾಖಲಿಸಿದಾಗ, ಹತ್ತಿರ ಹತ್ತಿರ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆದದ್ದು ಕಂಡುಬಂತು.

ಸೋದರಿಕೆಯ ಮದುವೆಯ ಲೆಕ್ಕ

ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು, ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ತರುವುದು ಉತ್ತರ ಕರ್ನಾಟಕದಲ್ಲಿ ಬಹುಕಾಲದ ರೂಢಿ. ಆಸ್ತಿ ಒಡೆಯದಿರಲಿ, ಮಗಳು ಪರಕೀಯರ ಮನೆಯಲ್ಲಿ ನೋಯದಿರಲಿ, ತವರಿನ ನಂಟು ಹರಿಯದಿರಲಿ ಎಂಬ ಕಾಳಜಿಗಳು ಅದರ ಹಿಂದಿವೆ. ಅವನ್ನು ಹಗುರವಾಗಿ ಕಾಣಬೇಕಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 11 ಮದುವೆಗಳು ರಕ್ತಸಂಬಂಧಿಗಳ ನಡುವೆ ಆಗಿದ್ದರೆ, ಕರ್ನಾಟಕದಲ್ಲಿ ಆ ಪ್ರಮಾಣ ಸುಮಾರು 27.

ಅಪಾಯ ಎಲ್ಲಿದೆ? ಪ್ರತಿಯೊಬ್ಬ ಆರೋಗ್ಯವಂತನೂ ಕೆಲವು ದೋಷಯುಕ್ತ ವಂಶವಾಹಿಗಳನ್ನು ಅರಿಯದೆಯೇ ಹೊತ್ತಿರುತ್ತಾನೆ. ಜೊತೆಯ ಇನ್ನೊಂದು ಪ್ರತಿ ಸರಿಯಿರುವುದರಿಂದ ತೊಂದರೆ ಕಾಣಿಸುವುದಿಲ್ಲ. ಸೋದರಮಾವ ಮತ್ತು ಸೊಸೆಯ ನಡುವೆ ನಾಲ್ಕನೆಯ ಒಂದು ಪಾಲು, ಅತ್ತೆಯ ಮಗ ಮತ್ತು ಮಾವನ ಮಗಳ ನಡುವೆ ಎಂಟನೆಯ ಒಂದು ಪಾಲು ವಂಶವಾಹಿಗಳು ಸಮಾನವಾಗಿರುತ್ತವೆ. ಹೀಗಾಗಿ ಒಂದೇ ದೋಷ ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಕೂಡಿಕೊಳ್ಳುವ ಸಂಭವ ಹೆಚ್ಚುತ್ತದೆ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳು ಗಂಭೀರವಾದ ಜನ್ಮದೋಷದಿಂದ ಹುಟ್ಟುತ್ತಾರೆ. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಇದಕ್ಕೆ ಇನ್ನೂ ಎರಡು ಮೂರು ಸೇರುತ್ತವೆ. ಸೋದರಮಾವನೊಡನೆ ಆದ ಮದುವೆಯಲ್ಲಿ ಅಪಾಯ ಇದಕ್ಕೂ ಹೆಚ್ಚು. ಹುಟ್ಟು ಕಿವುಡುತನ, ಬುದ್ಧಿಯ ಬೆಳವಣಿಗೆಯ ಕುಂಠಿತ, ಕೆಲವು ಬಗೆಯ ಸ್ನಾಯುದೌರ್ಬಲ್ಯ ಹಾಗೂ ರಕ್ತದ ಕಾಯಿಲೆಗಳು ಇದರಲ್ಲಿ ಸೇರಿವೆ.

ಈ ಲೆಕ್ಕವನ್ನು ಎರಡು ಕಡೆಯಿಂದಲೂ ಓದಬೇಕು. ಸೋದರಿಕೆಯಲ್ಲಿ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಂತರು. ಆದುದರಿಂದ ಈಗಾಗಲೇ ಹಾಗೆ ಮದುವೆಯಾದವರು ಅಂಜಬೇಕಾಗಿಲ್ಲ, ಅವರನ್ನು ಯಾರೂ ದೂಷಿಸಲೂ ಬಾರದು. ಆದರೆ ಮುಂದಿನ ಸಂಬಂಧ ಹುಡುಕುವಾಗ ತಪ್ಪಿಸಬಹುದಾದ ಅಪಾಯವನ್ನು ತಪ್ಪಿಸುವುದು ವಿವೇಕ. ಮನೆಯಲ್ಲಿ ಈಗಾಗಲೇ ಇಂತಹ ಮಗು ಹುಟ್ಟಿದ್ದರೆ, ಎರಡನೆಯ ಮಗುವಿಗೆ ಮುನ್ನ ವೈದ್ಯರ ಮೂಲಕ ಆನುವಂಶಿಕ ಸಲಹೆ ಪಡೆಯಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂತಹ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿವೆ. ದೋಷದ ಮಗು ಹುಟ್ಟಿದಾಗ ಸೊಸೆಯನ್ನು ಹೊಣೆ ಮಾಡಿ ತವರಿಗೆ ಕಳಿಸುವುದು ಅನ್ಯಾಯವಷ್ಟೇ ಅಲ್ಲ, ಅಜ್ಞಾನವೂ ಹೌದು. ಇಂತಹ ಕಾಯಿಲೆಗಳಲ್ಲಿ ಎರಡು ಪ್ರತಿಗಳಲ್ಲಿ ಒಂದು ತಂದೆಯಿಂದಲೇ ಬಂದಿರುತ್ತದೆ.

ಕುಡಿತ ರಕ್ತದಲ್ಲಿ ಬರುತ್ತದೆಯೆ?

ಈಗ ನಡತೆಯ ವಿಷಯಕ್ಕೆ ಬರೋಣ. ಕುಡುಕನ ಮಗ ಕುಡುಕನಾಗುವುದು ಮನೆಯಲ್ಲಿ ಕಂಡು ಕಲಿತದ್ದರಿಂದಲೋ, ರಕ್ತದಿಂದಲೋ? ಇದಕ್ಕೆ ಉತ್ತರ ಹುಡುಕಲು 1970ರ ದಶಕದಲ್ಲಿ ಸಂಶೋಧಕ ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಡೆನ್ಮಾರ್ಕ್ ದೇಶದಲ್ಲಿ ದತ್ತು ಹೋದ ಗಂಡುಮಕ್ಕಳನ್ನು ಅಧ್ಯಯನ ಮಾಡಿದರು. ಶೈಶವದಲ್ಲೇ ಹೆತ್ತವರಿಂದ ದೂರವಾಗಿ ಬೇರೆಯವರ ಮನೆಯಲ್ಲಿ ಬೆಳೆದವರು ಅವರು. ಹೆತ್ತವರಲ್ಲಿ ಮದ್ಯವ್ಯಸನಿಗಳಿದ್ದವರ ಪೈಕಿ ನೂರಕ್ಕೆ ಸುಮಾರು 18 ಮಂದಿ ಮದ್ಯವ್ಯಸನಿಗಳಾಗಿದ್ದರು. ಉಳಿದ ದತ್ತುಪುತ್ರರಲ್ಲಿ ಆ ಪ್ರಮಾಣ ಸುಮಾರು 5. ಅಪಾಯ ಹತ್ತಿರ ಹತ್ತಿರ ನಾಲ್ಕು ಪಟ್ಟು ಹೆಚ್ಚು. ಅಂದರೆ ವಂಶದ ಒಲವು ಸುಳ್ಳಲ್ಲ. ಆದರೆ ಅದೇ ಅಧ್ಯಯನವನ್ನು ಇನ್ನೊಂದು ಬದಿಯಿಂದ ನೋಡಿದರೆ, ಮದ್ಯವ್ಯಸನಿಯ ಮಗನಾಗಿ ಹುಟ್ಟಿದ ನೂರು ಮಂದಿಯಲ್ಲಿ 80ಕ್ಕೂ ಹೆಚ್ಚು ಮಂದಿ ಆ ಹಾದಿ ಹಿಡಿಯಲಿಲ್ಲ. ‘ಮಗ ಇನ್ನೇನಾದಾನು?’ ಎಂಬ ಪ್ರಶ್ನೆಗೆ ಇದು ಉತ್ತರ.

ಒಲವು ಹೇಗೆ ಕೆಲಸ ಮಾಡುತ್ತದೆ ಎಂಬುದೂ ತಿಳಿದುಬಂದಿದೆ. ಅಮೆರಿಕದ ಮಾರ್ಕ್ ಶುಕಿಟ್ ಅವರು ಮದ್ಯವ್ಯಸನಿಗಳ ಮಕ್ಕಳನ್ನು ಹಲವು ವರ್ಷ ಅನುಸರಿಸಿ ಕಂಡುಕೊಂಡ ಸಂಗತಿ ನಮ್ಮ ತರುಣರು ಅವಶ್ಯ ತಿಳಿಯಬೇಕಾದುದು. ಅವರಲ್ಲಿ ಅನೇಕರಿಗೆ ಇತರರಷ್ಟೇ ಮದ್ಯ ಕೊಟ್ಟಾಗ ಅಮಲು ಕಡಿಮೆ ಏರಿತು. ಹಾಗೆ ಅಮಲು ಏರದವರೇ ಮುಂದೆ ಹೆಚ್ಚಿನ ಸಂಖ್ಯೆಯಲ್ಲಿ ವ್ಯಸನಿಗಳಾದರು. ದೇಹ ‘ಸಾಕು’ ಎಂದು ಹೇಳುವ ಸೂಚನೆ ಅವರಲ್ಲಿ ದುರ್ಬಲ. ‘ನಾನು ಎಷ್ಟು ಕುಡಿದರೂ ಏರುವುದಿಲ್ಲ’ ಎಂದು ಗೆಳೆಯರ ಮುಂದೆ ಹೆಮ್ಮೆಪಡುವ ಹುಡುಗ ತನ್ನ ಶಕ್ತಿಯನ್ನಲ್ಲ, ತನ್ನ ಅಪಾಯವನ್ನು ಸಾರುತ್ತಿದ್ದಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 1990ರ ದಶಕದಲ್ಲಿ ಮದ್ಯವ್ಯಸನಿಗಳ ಎಳೆಯ ಗಂಡುಮಕ್ಕಳ ಮಿದುಳಿನ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದು, ಅದರಲ್ಲಿ ಇತರ ಮಕ್ಕಳಿಗಿಂತ ವ್ಯತ್ಯಾಸವಿರುವುದನ್ನು ತೋರಿಸಿದರು.

ಅವಳಿ ಮಕ್ಕಳ ಅಧ್ಯಯನಗಳಿಂದ, ಮದ್ಯವ್ಯಸನದಲ್ಲಿ ಅರ್ಧದಷ್ಟು ಆನುವಂಶಿಕತೆಯ ಪಾತ್ರವಿದೆ ಎಂದು ಹೇಳಲಾಗುತ್ತದೆ. ಈ ಮಾತನ್ನು ತಪ್ಪಾಗಿ ತಿಳಿಯುವವರೇ ಹೆಚ್ಚು. ಒಬ್ಬನ ಕುಡಿತದಲ್ಲಿ ಅರ್ಧ ಅಪ್ಪನದು, ಅರ್ಧ ಅವನದು ಎಂದು ಇದರ ಅರ್ಥವಲ್ಲ. ಒಂದೇ ಬಿತ್ತನೆಯ ಬಿಳಿಜೋಳವನ್ನು ಎರೆಹೊಲದಲ್ಲಿ ಒಂದಷ್ಟು, ಮಸಾರಿ ಹೊಲದಲ್ಲಿ ಒಂದಷ್ಟು ಬಿತ್ತಿದರೆ ಬೆಳೆಯ ಅಂತರಕ್ಕೆ ಮಣ್ಣೇ ಕಾರಣ. ಒಂದೇ ಎರೆಹೊಲದಲ್ಲಿ ಹಲವು ಬಗೆಯ ಬೀಜ ಬಿತ್ತಿದರೆ ಅಂತರಕ್ಕೆ ಬೀಜವೇ ಕಾರಣವೆನಿಸುತ್ತದೆ. ‘ಅರ್ಧದಷ್ಟು’ ಎಂಬುದು ಒಂದು ಸಮಾಜದ ಜನರಲ್ಲಿ ಕಾಣುವ ವ್ಯತ್ಯಾಸಗಳ ಲೆಕ್ಕ. ಒಬ್ಬ ವ್ಯಕ್ತಿಯ ಹಣೆಯ ಮೇಲಿನ ಬರಹವಲ್ಲ. ಊರಿನಲ್ಲಿ ಮದ್ಯವೇ ಸಿಗದಿದ್ದರೆ ಎಂತಹ ವಂಶವಾಹಿಯೂ ಯಾರನ್ನೂ ಕುಡುಕನನ್ನಾಗಿ ಮಾಡಲಾರದು. ಹರೆಯದ ಮೊದಲ ವರ್ಷಗಳಲ್ಲೇ ಕುಡಿಯಲು ಆರಂಭಿಸಿದವರಲ್ಲಿ ವ್ಯಸನದ ಅಪಾಯ ಹಲವು ಪಟ್ಟು ಹೆಚ್ಚು ಎಂಬುದೂ ಸಿದ್ಧವಾಗಿದೆ. ವಂಶದ ಒಲವಿರುವ ಮಗುವಿನ ಮೊದಲ ಗುಟುಕನ್ನು ಮುಂದಕ್ಕೆ ತಳ್ಳಿದಷ್ಟೂ ಅದು ಸುರಕ್ಷಿತ.

ಜೋಳಿಗೆ ಕಲಿಸಿದ ಪಾಠ

ಈ ಜ್ಞಾನವು ನಮ್ಮ ಭಾಗದ ಒಂದು ದೊಡ್ಡ ಪ್ರಯೋಗದೊಡನೆ ಕೂಡಿಕೊಳ್ಳುತ್ತದೆ. ಚಿತ್ತರಗಿ-ಇಳಕಲ್ಲ ಶ್ರೀಮಠದ ಲಿಂಗೈಕ್ಯ ಪರಮಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಆರಂಭಿಸಿದರು. ಹಣ, ಧಾನ್ಯಗಳ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡುತ್ತ ಓಣಿ ಓಣಿಗಳಲ್ಲಿ, ಊರೂರುಗಳಲ್ಲಿ ನಡೆದರು. ಬೀಡಿ, ಗುಟಕಾ, ಮದ್ಯಗಳನ್ನು ಜೋಳಿಗೆಗೆ ಹಾಕಿ ಅಸಂಖ್ಯ ಜನ ಪ್ರತಿಜ್ಞೆ ಮಾಡಿದರು. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ.

ವ್ಯಸನವು ರಕ್ತದಲ್ಲಿ ಬರೆದ ಅಳಿಸಲಾಗದ ಲಿಪಿಯಾಗಿದ್ದರೆ ಜೋಳಿಗೆ ಬರಿದಾಗಿಯೇ ಉಳಿಯಬೇಕಿತ್ತು. ಹಾಗಾಗಲಿಲ್ಲ. ಕುಡಿತಕ್ಕೆ ಹೆಸರಾದ ಮನೆತನದಲ್ಲಿ ಹುಟ್ಟಿದವನೂ ಬಿಡಬಲ್ಲ ಎಂಬ ವಿಶ್ವಾಸವೇ ಆ ಜೋಳಿಗೆಯ ತಳಹದಿ. ಹುಟ್ಟಿನಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯಲೊಪ್ಪದ ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮವೂ ಇದೇ ನೆಲದಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ವಿಜ್ಞಾನವು ಇನ್ನೊಂದು ಮಾತನ್ನೂ ಸೇರಿಸುತ್ತದೆ. ಬಿಡುವ ಹಾದಿ ಎಲ್ಲರಿಗೂ ಒಂದೇ ಸಮನಾದುದಲ್ಲ. ಒಬ್ಬನಿಗೆ ಅದು ಬಯಲು ದಾರಿ, ಇನ್ನೊಬ್ಬನಿಗೆ ಬಾದಾಮಿಯ ಬಂಡೆಯೇರಿದಂತೆ. ಪ್ರತಿಜ್ಞೆ ಮಾಡಿ ಮುರಿದವನನ್ನು ನೀತಿಗೆಟ್ಟವನೆಂದು ಹೀಗಳೆಯುವ ಬದಲು, ಅವನ ಏರು ಕಡಿದಾದುದೆಂದು ತಿಳಿದು ಮತ್ತೊಮ್ಮೆ ಕೈ ಹಿಡಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕು. ಹಲವು ವರ್ಷ ದಿನನಿತ್ಯ ವಿಪರೀತ ಕುಡಿಯುತ್ತಿದ್ದವನು ಒಮ್ಮೆಲೇ ಬಿಟ್ಟರೆ ಅಪಾಯವುಂಟು. ಮೊದಲ ದಿನ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸುತ್ತವೆ. ಒಂದೆರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆ ಬರುತ್ತದೆ. ಎರಡು ಮೂರು ದಿನಗಳ ಹೊತ್ತಿಗೆ ಇಲ್ಲದ್ದನ್ನು ಕಾಣುವ, ಹೊತ್ತುಗೊತ್ತು ತಿಳಿಯದ ಭ್ರಮೆ ತಲೆದೋರಿ ಪ್ರಾಣಕ್ಕೇ ಎರವಾಗಬಹುದು. ಇದನ್ನು ಗಾಳಿ ಸೋಂಕು ಎಂದು ತಿಳಿದು ಆಸ್ಪತ್ರೆ ತಪ್ಪಿಸಿದರೆ ಜೀವ ಹೋಗುತ್ತದೆ. ಆದ್ದರಿಂದ ಭಾರೀ ಕುಡಿತವಿದ್ದವರು ಪ್ರತಿಜ್ಞೆಯ ದಿನವೇ ವೈದ್ಯರನ್ನೂ ಕಾಣಬೇಕು. ಔಷಧಿಯ ಆಸರೆಯಿಂದ ಬಿಟ್ಟರೆ ಸಂಕಲ್ಪಕ್ಕೆ ಕುಂದಿಲ್ಲ.

ಮನಸ್ಸಿನ ಕಾಯಿಲೆ ಮತ್ತು ಮನೆತನದ ಹೆಸರು

ಮನಸ್ಸಿನ ಕಾಯಿಲೆಗಳ ವಿಷಯದಲ್ಲಿ ವಂಶದ ಭಯ ಇನ್ನೂ ಆಳವಾದುದು. ಸ್ಕಿಜೋಫ್ರೇನಿಯಾವನ್ನೇ ತೆಗೆದುಕೊಳ್ಳೋಣ. ಸಂಶಯ, ಕಿವಿಯಲ್ಲಿ ಕೇಳುವ ಅಶರೀರ ಧ್ವನಿಗಳು, ಕೆಲಸದಲ್ಲಿ ನಿರಾಸಕ್ತಿ ಇದರ ಲಕ್ಷಣಗಳು. ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬರಷ್ಟು ಜನರಿಗೆ ಜೀವಮಾನದಲ್ಲಿ ಇದು ಬರಬಹುದು. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ಈ ಅಪಾಯ ನೂರಕ್ಕೆ ಹತ್ತರಷ್ಟು. ಅಂದರೆ ಹತ್ತು ಪಟ್ಟು ಹೆಚ್ಚು ಎಂಬುದು ನಿಜ. ನೂರರಲ್ಲಿ 90 ಮಕ್ಕಳಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ವಂಶವಾಹಿಗಳು ಸಂಪೂರ್ಣ ಒಂದೇ ಆಗಿರುವ ಸಮರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಅರ್ಧವನ್ನು ಮೀರುವುದಿಲ್ಲ. ಹುಟ್ಟೇ ಎಲ್ಲವನ್ನೂ ನಿರ್ಧರಿಸುವಂತಿದ್ದರೆ ಅದು ನೂರಕ್ಕೆ ನೂರಾಗಬೇಕಿತ್ತು.

ಉಳಿದ ಭಾಗವನ್ನು ತುಂಬುವುದು ಬದುಕು. ಗರ್ಭದಲ್ಲಿ ಸಿಕ್ಕ ಪೋಷಣೆ, ಹೆರಿಗೆಯ ತೊಡಕುಗಳು, ಬಾಲ್ಯದ ಹಿಂಸೆ, ಹರೆಯದಲ್ಲಿ ಗಾಂಜಾ ಸೇವನೆ ಮೊದಲಾದುವು ಅಪಾಯವನ್ನು ಹೆಚ್ಚಿಸುತ್ತವೆ. 1944–45ರ ಚಳಿಗಾಲದಲ್ಲಿ ಯುದ್ಧದ ದೆಸೆಯಿಂದ ನೆದರ್ಲೆಂಡ್ಸ್ ದೇಶದಲ್ಲಿ ಭೀಕರ ಕ್ಷಾಮ ಬಂತು. ಆ ಕ್ಷಾಮದ ಉತ್ತುಂಗದಲ್ಲಿ ಗರ್ಭಸ್ಥರಾದ ಮಕ್ಕಳಲ್ಲಿ ದೊಡ್ಡವರಾದ ಮೇಲೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಂಡುಬಂತು. ಗರ್ಭಿಣಿಯ ತಟ್ಟೆಯಲ್ಲಿನ ಊಟ ದಶಕಗಳ ಬಳಿಕ ಮಗುವಿನ ಮನಸ್ಸನ್ನು ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮಳೆ ಕೈಕೊಡುವ ನಮ್ಮ ಸೀಮೆಯಲ್ಲಿ, ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಬಸುರಿ ಸೊಸೆ ಉಣ್ಣುವ ರೂಢಿ ಎಲ್ಲಿ ಉಳಿದಿದೆಯೋ ಅಲ್ಲಿ ಈ ಮಾತು ಮುಟ್ಟಬೇಕು.

ಮುಚ್ಚಿಡುವುದರಿಂದ ಆಗುವ ಹಾನಿ ವಂಶವಾಹಿಯಿಂದ ಆಗುವ ಹಾನಿಗಿಂತ ದೊಡ್ಡದು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಕಾಯಿಲೆಯನ್ನು ಅಡಗಿಸಿ ಮದುವೆ ಮಾಡಿ, ಗುಟ್ಟು ಬಯಲಾಗದಿರಲೆಂದು ಗುಳಿಗೆಗಳನ್ನು ನಿಲ್ಲಿಸಿ, ಕೆಲವೇ ತಿಂಗಳಲ್ಲಿ ಕಾಯಿಲೆ ಮರುಕಳಿಸಿ ಎರಡು ಮನೆಗಳು ಒಡೆಯುತ್ತವೆ. ಇದಕ್ಕೆ ಬದಲಾಗಿ ಇದ್ದುದನ್ನು ಇದ್ದಂತೆ ಹೇಳಿ, ಚಿಕಿತ್ಸೆ ಮುಂದುವರಿಸಿಕೊಂಡು ನೆಮ್ಮದಿಯಿಂದ ಸಂಸಾರ ನಡೆಸಲು ಸಾಧ್ಯವಿದೆ. ಈ ಕಾಯಿಲೆಗಳಿಗೆ ಚಿಕಿತ್ಸೆ ದೂರದ ನಗರಗಳಲ್ಲಿ ಮಾತ್ರವಲ್ಲ, ಹಳ್ಳಿಯಲ್ಲೂ ಸಾಧ್ಯ ಎಂಬುದನ್ನು ದೇಶಕ್ಕೆ ತೋರಿಸಿದ್ದು ನಮ್ಮದೇ ಉತ್ತರ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಈ ಪ್ರಯೋಗ ನಡೆಸಿದರು. ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು.

ಮನೆಮನೆಯಲ್ಲಿ ಮಾಡಬೇಕಾದುದು

ಮೊದಲನೆಯದು, ಮನೆತನದ ಆರೋಗ್ಯದ ಚರಿತ್ರೆಯನ್ನು ತಿಳಿದಿಟ್ಟುಕೊಳ್ಳುವುದು. ಅಜ್ಜ, ಅಜ್ಜಿ, ಕಾಕಾ, ಚಿಗವ್ವ, ಸೋದರಮಾವ ಯಾರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದಿಡಬೇಕು. ವೈದ್ಯರಿಗೆ ಅದು ದಾರಿದೀಪ. ಅದನ್ನು ಇನ್ನೊಬ್ಬರನ್ನು ಹೀನಾಯ ಮಾಡಲು ಬಳಸಬಾರದು.

ಎರಡನೆಯದು, ಸಂಬಂಧ ಬೆಳೆಸುವಾಗ ರಕ್ತಸಂಬಂಧವನ್ನು ಬಿಟ್ಟು ಹೊರಗೆ ನೋಡುವುದು. ಈಗಾಗಲೇ ಸೋದರಿಕೆಯಲ್ಲಿ ಮದುವೆಯಾದವರು ಗರ್ಭಧಾರಣೆಯ ಮೊದಲೇ ವೈದ್ಯರ ಸಲಹೆ ಪಡೆಯುವುದು. ಮಗು ಬಯಸುವ ಪ್ರತಿಯೊಬ್ಬ ತಾಯಿಯೂ ಗರ್ಭ ನಿಲ್ಲುವ ಮೊದಲೇ ವೈದ್ಯರು ಹೇಳಿದಂತೆ ಫೋಲಿಕ್ ಆಮ್ಲದ ಗುಳಿಗೆ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳ ಅಪಾಯ ಬಹಳಷ್ಟು ತಗ್ಗುತ್ತದೆ. ಹುಟ್ಟಿದ ಮಗುವಿನ ಹಿಮ್ಮಡಿ ರಕ್ತಪರೀಕ್ಷೆ ಮತ್ತು ಶ್ರವಣ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ಹುಟ್ಟಿನಿಂದ ಥೈರಾಯ್ಡ್ ಕೊರತೆಯಿದ್ದ ಮಗುವಿಗೆ ದಿನಕ್ಕೊಂದು ಸಣ್ಣ ಗುಳಿಗೆಯನ್ನು ಬೇಗ ಆರಂಭಿಸಿದರೆ ಬುದ್ಧಿಮಾಂದ್ಯ ತಪ್ಪುತ್ತದೆ.

ಮೂರನೆಯದು, ಕುಡಿತದ ಚರಿತ್ರೆಯಿರುವ ಮನೆಯ ಮಕ್ಕಳಿಗೆ ಸತ್ಯವನ್ನು ಹೇಳುವುದು. ‘ನಿನ್ನ ಅಪ್ಪನಂತೆ ಆಗುತ್ತೀ’ ಎಂದು ಬೈಯುವುದರಿಂದ ಮಗು ಅದನ್ನೇ ತನ್ನ ಗುರುತೆಂದು ಒಪ್ಪಿಕೊಳ್ಳುತ್ತದೆ. ‘ನಮ್ಮ ಮನೆತನದವರ ದೇಹಕ್ಕೆ ಇದು ಬೇಗ ಅಂಟಿಕೊಳ್ಳುತ್ತದೆ, ಆದ್ದರಿಂದ ನೀನು ಮುಟ್ಟದಿರುವುದೇ ಲೇಸು’ ಎಂದು ತಿಳಿಹೇಳಿದರೆ ಮಗು ಎಚ್ಚರಗೊಳ್ಳುತ್ತದೆ. ಇವೆರಡು ಮಾತುಗಳ ನಡುವಿನ ಅಂತರ ಒಂದು ಬಾಳಿನಷ್ಟು.

ನಾಲ್ಕನೆಯದು, ಸಹಾಯ ಕೇಳಲು ನಾಚದಿರುವುದು. ನಿದ್ರೆ, ಊಟ, ಕೆಲಸ ಮೂರೂ ಎರಡು ವಾರಕ್ಕೂ ಹೆಚ್ಚು ಕಾಲ ಕೆಟ್ಟಿದ್ದರೆ, ಸಾಯುವ ಮಾತು ಬಾಯಲ್ಲಿ ಬಂದರೆ ತಡಮಾಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಸರ್ಕಾರಿ ಆಸ್ಪತ್ರೆಗಳ ಮೂಲಕ ದೊರೆಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಇಂತಹ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಅದನ್ನು ಪಡೆಯುವವರು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ.

ತಂದೆತಾಯಿಗಳಿಂದ ಬಂದ ಎಳೆಗಳನ್ನು ನಾವು ಆರಿಸಿಕೊಂಡದ್ದಲ್ಲ. ಆದ್ದರಿಂದ ಅವುಗಳಿಗಾಗಿ ಹೆಮ್ಮೆಯೂ ಬೇಡ, ನಾಚಿಕೆಯೂ ಬೇಡ. ಅವುಗಳನ್ನು ಅರಿತುಕೊಂಡು, ಹೆರವರ ಎಳೆ ದುರ್ಬಲವಾದಲ್ಲಿ ಕೊಂಡಿಯಾಗಿ ನಿಲ್ಲುವುದು ನಮ್ಮ ಕೈಯಲ್ಲಿದೆ. ಈ ಬಾರಿ ಕಟ್ಟೆಯ ಮೇಲೆ ‘ಆ ಮನೆತನದ ರಕ್ತವೇ ಹಾಗೆ’ ಎಂಬ ಮಾತು ಬಂದಾಗ ಸದ್ಭಕ್ತರಲ್ಲಿ ಒಬ್ಬರಾದರೂ ಅದನ್ನು ತಡೆದು, ಆ ಮನೆಗೆ ಹೋಗಿ, ಆಸ್ಪತ್ರೆಗೆ ಜೊತೆಗೆ ಬರುತ್ತೇನೆಂದು ಹೇಳುವಂತಾಗಲಿ.